ತಪ್ಪಿಲ್ಲದೆ ಸೋತ ಆಟ



ಇವತ್ತಿನ ಟಿಪ್ಪಣಿ ಚೆಸ್ ಬಗ್ಗೆ. ಬೀಜೋಪಚಾರ, ಗೊಬ್ಬರದ ಲೆಕ್ಕ ಓದೋಣ ಅಂತ ಬಂದವರು ಬೇಜಾರಾಗಬೇಡ್ರಿ. ತಿರುಗಿ ತಿರುಗಿ ಕೊನೆಗೆ ಭತ್ತ, ಗೋವಿನಜೋಳಕ್ಕೇ ಬರ್ತೀನಿ. ರೋಹಿಣಿ ಮಳೆ ಕೂಡಿದೆ, ಇನ್ನೆರಡು ದಿನದಲ್ಲಿ ಎಲ್ಲರ ಕೈಯಾಗೂ ಕೂರಿಗೆ ಬರುತ್ತೆ, ಆಮೇಲೆ ಬರೆಯೋಕೂ ಪುರುಸೊತ್ತಿಲ್ಲ, ಓದೋಕೂ ಇಲ್ಲ. ಅದಕ್ಕೇ ಇದನ್ನ ಬಿತ್ತನೆಗೆ ಮುಂಚೆಯೇ ಬರೀತಾ ಇದೀನಿ.

ನಮ್ಮ ಕಡೆ ಒಂದು ಪದ್ಧತಿ ಐತಿ. ಯಾರದಾದ್ರೂ ಬೆಳೆ ಹೋದ್ರೆ ಮೊದಲು ಕೇಳೋ ಪ್ರಶ್ನೆ, “ಏನ್ ತಪ್ಪ ಮಾಡಿದ್ಯೋ?” ಬೀಜ ಎಲ್ಲಿಂದ ತಂದಿ, ಎಣ್ಣಿ ಯಾವಾಗ ಹೊಡದಿ, ನೀರು ಯಾಕ ಬಿಡಲಿಲ್ಲ. ಕೇಳೋರು ಕೆಟ್ಟ ಮನಸ್ಸಿನಿಂದ ಕೇಳಲ್ಲ. ತಪ್ಪು ಏನಂತ ಗೊತ್ತಾದ್ರೆ ತಾವು ಅದನ್ನ ಮಾಡದೆ ಪಾರಾಗಬಹುದು ಅನ್ನೋ ಆಸೆ. ಆದ್ರೆ ಸೋತವನ ಕಿವಿಗೆ ಅದು ಬೇರೆ ತರ ಕೇಳಿಸುತ್ತೆ. ತಪ್ಪು ಸಿಗದೇ ಹೋದಾಗ ಮನೆಯವರೇ ಒಬ್ಬರ ಮೇಲೊಬ್ಬರು ಹಾಕೋಕೆ ಶುರು ಮಾಡ್ತಾರೆ. ನಮ್ಮ ಮನೆಯಲ್ಲಿ ಹೋದ ಹಂಗಾಮಿನಿಂದ ಆದದ್ದು ಅದೇ. ಅದನ್ನ ಆಮೇಲೆ ಹೇಳ್ತೀನಿ. ಮೊದಲು ಆಟ.

ದಾಂಡೇಲಿಯಲ್ಲಿ ಒಬ್ಬರು ಕಾಕಾ ಇದಾರೆ. ಪೇಪರ್ ಮಿಲ್ಲಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೆಸರು ಹಾಕಬೇಡ ಅಂದಿದಾರೆ, ಹಾಕಲ್ಲ. ವಯಸ್ಸಿದ್ದಾಗ ಹುಬ್ಬಳ್ಳಿ, ಬೆಳಗಾವಿ ಕಡೆ ಪಂದ್ಯಕ್ಕೆ ಹೋಗಿ ಬಂದವರು. ಚೆಸ್ಸಿಗೆ ಅವರು ಈಗಲೂ ಬುದ್ಧಿಬಳ ಅಂತಲೇ ಅಂತಾರೆ, ನಮ್ಮ ಗಡಿ ಕಡೆಯ ಮರಾಠಿ ಮಾತಿನ ಬಳಕೆ. ನಾನು ಹೈಸ್ಕೂಲಿನಲ್ಲಿ ಕಲಿತ ಆಟವನ್ನ ಮೊಬೈಲಿನಲ್ಲಿ ಮುಂದುವರಿಸಿಕೊಂಡು ಬಂದವ. ಊರಲ್ಲಿ ನನಗೆ ಎದುರು ಇಲ್ಲ. ಊರಲ್ಲಿ ಆಡೋರು ನಾಲ್ಕೇ ಜನ, ಅದೂ ಹೇಳಿಬಿಡ್ತೀನಿ. ಪ್ಯಾಟಿಗೆ ಹೋದಾಗ ಒಮ್ಮೊಮ್ಮೆ ಕಾಕಾರ ಪಡಸಾಲೆಯಲ್ಲಿ ಕೂಡ್ತೀನಿ. ಈ ಬೇಸಿಗೆಯಲ್ಲಿ ಒಂದು ಭಾನುವಾರ ಅವರೇ ಅಂದ್ರು, “ಚಟಪಟ ಆಟ ಸಾಕು ತಮ್ಮಾ. ಇವತ್ತ ಗಡಿಯಾರ ಇಟ್ಟು, ಬರಕೊಂಡು ಆಡೋಣು.” ಒಬ್ಬೊಬ್ಬರಿಗೆ ಒಂದು ತಾಸು. ಪ್ರತಿ ನಡೆಯನ್ನೂ ಇಬ್ಬರೂ ಹಾಳೆಯಲ್ಲಿ ಬರೆಯಬೇಕು. ಅವರದು ಬಿಳಿ, ನನ್ನದು ಕರಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬೋರ್ಡಿಗೆ 64 ಮನೆ, ಒಬ್ಬೊಬ್ಬರಿಗೆ 16 ಕಾಯಿ. ಕುದುರೆ ಹಾರಿ ಹೋಗುತ್ತೆ, ಒಂಟೆ ಓರೆ ಹೋಗುತ್ತೆ, ಸಿಪಾಯಿ ಒಂದೊಂದೇ ಹೆಜ್ಜೆ ಮುಂದೆ, ಹಿಂದೆ ಬರೋ ಹಾಗಿಲ್ಲ. ಆನೆ ನೇರ ಹೋಗುತ್ತೆ. ನಮ್ಮ ಕಾಡಿನ ಆನೆ ಯಾವಾಗ ನೇರ ಹೋಗಿದೆ ಅಂತ ನೀವು ಕೇಳಬಹುದು. ಅದು ಬೇರೆ ಆಟ.

ಇಪ್ಪತ್ತನೇ ನಡೆ ಹೊತ್ತಿಗೆ ಇಬ್ಬರ ಮಂತ್ರಿಯೂ ಹೋಗಿತ್ತು. ಕಾಕಾರ ಹತ್ರ ಒಂದು ಆನೆ, ಒಂದು ಒಂಟೆ. ನನ್ನ ಹತ್ರ ಒಂದು ಆನೆ, ಒಂದು ಕುದುರೆ. ಸಿಪಾಯಿ ಇಬ್ಬರಿಗೂ ಆರಾರು. ಲೆಕ್ಕಕ್ಕೆ ಸರಿಸಮ. ನನ್ನ ಎಡಗಡೆ ಒಂದು ಸಿಪಾಯಿ ಮಾತ್ರ ಒಂಟಿಯಾಗಿ ನಿಂತಿತ್ತು, ಪಕ್ಕದಲ್ಲಿ ಅದನ್ನ ಕಾಯೋ ಇನ್ನೊಂದು ಸಿಪಾಯಿ ಇರಲಿಲ್ಲ. ಕಾಯಿಗೆ ಕಾಯಿ ಕೊಟ್ಟು ತಗೊಳ್ಳುವಾಗ ಹಾಗಾಗೋದು ಸಾಮಾನ್ಯ. ಆನೆ ಹಿಂದೆ ಇಟ್ಟು, ಕುದುರೆ ಪಕ್ಕಕ್ಕೆ ಇಟ್ಟು ಅದನ್ನ ಕಾಯ್ತಾ ಇದ್ದೆ. ಕಾಕಾ ಅದರ ಮೇಲೆ ಕಣ್ಣಿಟ್ಟರು, ಆದ್ರೆ ಹೊಡೆಯೋಕೆ ಆಗಲಿಲ್ಲ. ಹತ್ತು ಹದಿನೈದು ನಡೆ ಹಂಗೇ ಹೋಯ್ತು. ಅವರು ರಾಜನನ್ನ ನಡುವಿಗೆ ತಂದರು. ಒಂಟೆಯನ್ನ ಒಂದು ಮನೆ ಸರಿಸಿದರು, ಮತ್ತೆ ಒಂದು ಮನೆ. ಹೊಲದಲ್ಲಿ ಕಲ್ಲು ಆರಿಸೋರ ತರ, ಏನೂ ಅವಸರ ಇಲ್ಲ. ನನಗೆ ಡ್ರಾ ಆಗುತ್ತೆ ಅನಿಸಿತ್ತು.

ಮೂವತ್ತೆಂಟನೇ ನಡೆಗೆ ಅವರು ಬಲಗಡೆಯ ಸಿಪಾಯಿಯನ್ನ ಮುಂದೆ ದೂಡಿದರು. ಅಲ್ಲಿಯ ತನಕ ಆ ಕಡೆ ಯಾರೂ ಕೈ ಹಾಕಿರಲಿಲ್ಲ. ನಾನು ಹೊಡೆದರೂ ಸಾಲು ತೆರೆಯುತ್ತೆ, ಬಿಟ್ಟರೂ ಅವರು ಹೊಡೆದು ಸಾಲು ತೆರೀತಾರೆ. ತೆರೀತು. ಅವರ ಆನೆ ನಡುವಿನಿಂದ ಬಲಗಡೆಗೆ ಒಂದೇ ನಡೆಯಲ್ಲಿ ಬಂತು. ನನ್ನ ಆನೆ ಎಡಮೂಲೆಯಲ್ಲಿ, ಕಾವಲಿನ ಮೇಲೆ. ಅದು ಅಲ್ಲಿಂದ ಬಲಗಡೆಗೆ ಬರೋಕೆ ಮೂರು ನಡೆ ಬೇಕು. ಬಂದ್ರೆ ಎಡಗಡೆಯ ಸಿಪಾಯಿ ಹೋಗುತ್ತೆ, ಬರದಿದ್ರೆ ಬಲಗಡೆಯ ಮನೆಯೇ ಹೋಗುತ್ತೆ. ನಾನು ಬಂದೆ. ಎಡಗಡೆ ಹೋಯ್ತು, ಆಮೇಲೆ ಬಲಗಡೆಯೂ ಹೋಯ್ತು. ಐವತ್ತೇಳನೇ ನಡೆಗೆ ಕೈ ಕೊಟ್ಟೆ.

ಊರಲ್ಲಾಗಿದ್ರೆ ಇಲ್ಲಿಗೆ ಮುಗೀತಿತ್ತು. ಗೆದ್ದವ ಮೀಸೆ ತಿರುವಿಕೊಂಡು ಏಳ್ತಿದ್ದ, ಸೋತವ ಎಮ್ಮಿ ಕರಿಯೋ ಹೊತ್ತಾತು ಅಂತ ಏಳ್ತಿದ್ದ. ಚೆಸ್ ಆಡೋರಲ್ಲಿ ಒಂದು ಒಳ್ಳೆ ಸಂಪ್ರದಾಯ ಇದೆ. ಆಟ ಮುಗಿದ ಮೇಲೆ ಗೆದ್ದವ, ಸೋತವ ಇಬ್ಬರೂ ಅಲ್ಲೇ ಕೂತು, ಕಾಯಿಗಳನ್ನ ಮತ್ತೆ ಮೊದಲಿನಿಂದ ಜೋಡಿಸಿ, ಇಡೀ ಆಟವನ್ನ ತಿರುಗಿ ಆಡ್ತಾರೆ. ನೀನು ಇಲ್ಲಿ ಏನು ನೋಡಿದಿ, ನಾನು ಇಲ್ಲಿ ಯಾಕೆ ಹೆದರಿದೆ, ಅಂತ ಇಬ್ಬರೂ ಬಾಯಿಬಿಟ್ಟು ಹೇಳ್ತಾರೆ. ಜಗತ್ತಿನ ದೊಡ್ಡ ದೊಡ್ಡ ಆಟಗಾರರೂ ಇದನ್ನ ಮಾಡ್ತಾರೆ. ನನ್ನನ್ನ ಸೋಲಿಸಿದವರು ಯಾರೂ ಇಲ್ಲಿಯ ತನಕ ಹೀಗೆ ಕೂತು ಹೇಳಿಕೊಟ್ಟಿಲ್ಲ. ಮಳೆ ಹೇಳಿಲ್ಲ, ಕಾಡಿನ ಆನೆ ಹೇಳಿಲ್ಲ, ಮಾರ್ಕೆಟ್ಟೂ ಹೇಳಿಲ್ಲ.

ಕಾಕಾ ಜೊತೆ ಎರಡು ತಾಸು ಕೂತೆ. ಕಾಕಿ ಎರಡು ಸಲ ಚಹಾ ತಂದು ಇಟ್ಟರು. ನಾನು ಪ್ರತಿ ನಡೆಯಲ್ಲೂ ಕೇಳ್ತಾ ಹೋದೆ, “ಇಲ್ಲಿ ತಪ್ಪಿತಾ ಕಾಕಾ? ಇಲ್ಲೇನು?” ಅವರು ತಲೆ ಅಲ್ಲಾಡಿಸ್ತಾ ಹೋದರು. ಇಪ್ಪತ್ತನಾಲ್ಕನೇ ನಡೆಯಲ್ಲಿ ನಾನು ಆಡಿದ್ದನ್ನೇ ತಾವೂ ಆಡ್ತಿದ್ದೆ ಅಂದ್ರು. ಮೂವತ್ತೊಂದನೇ ನಡೆಯಲ್ಲಿ ನನ್ನ ಕುದುರೆ ನಡುವಿಗೆ ಬಂದುಬಿಡುತ್ತೆ ಅಂತ ಅವರಿಗೆ ಹೆದರಿಕೆ ಇತ್ತಂತೆ. ಅದಕ್ಕೇ ಒಂದು ನಡೆ ಮುಂಚೆಯೇ ಆ ಮನೆಗೆ ಸಿಪಾಯಿ ಕಾವಲು ಹಾಕಿದ್ರಂತೆ. ಕೊನೆಗೆ ಹಾಳೆ ಮಡಚಿ ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

“ನೀ ತಪ್ಪ ಆಡಿ ಸೋತಿಲ್ಲೋ ತಮ್ಮಾ. ಕಂಪ್ಯೂಟರಿಗೆ ಕೇಳಿದ್ರ ಅದು ಎಲ್ಲಾ ನಡಿಗೂ ಏನರೆ ಒಂದ್ ಹೆಸರ ಇಡತೈತಿ, ನನ್ನ ನಡಿಗೂ ಇಡತೈತಿ. ಅದರ ಮಾತ ಬಿಡು. ಕೂತ ಆಡೋ ಮನಷಾ ಆಡಬೇಕಾದದ್ದನ್ನ ನೀ ಆಡಿದಿ. ನಿನಗ ಒಂದು ಗಾಯ ಇತ್ತು, ಅದನ್ನ ಚೊಲೋ ಕಾದಿ. ಒಂದ ಗಾಯಕ್ಕ ಯಾರೂ ಸಾಯೂದಿಲ್ಲ. ಅದಕ್ಕ ನಾ ಇನ್ನೊಂದ ಕಡೆ ಎರಡನೇದು ಮಾಡಿದೆ. ನಾ ನಡುವ ನಿಂತಿದ್ದೆ, ನೀ ಮೂಲಿಗೆ ನಿಂತಿದ್ದಿ. ಅಷ್ಟ.”

ಎರಡು ಗಾಯದ ಈ ಮಾತು ಕಾಕಾ ಕಟ್ಟಿದ್ದಲ್ಲ. ಚೆಸ್ ಕಲಿಸೋ ಪುಸ್ತಕಗಳಲ್ಲಿ ಬಹಳ ಹಳೆಯ ಪಾಠ ಇದು. ಬಲವಾದವ ಒಂದೇ ಕಡೆ ಹೊಡೆದು ಗೆಲ್ಲಲ್ಲ. ಒಂದು ಕಡೆ ನಿನ್ನನ್ನ ಕಟ್ಟಿಹಾಕ್ತಾನೆ, ನಿನ್ನ ಕಾಯಿಗಳೆಲ್ಲ ಆ ಕಡೆ ಕಾವಲಿಗೆ ಹೋದ ಮೇಲೆ ಇನ್ನೊಂದು ಕಡೆ ತೆರೀತಾನೆ. ಕಾಯೋನ ದಾರಿ ಉದ್ದ, ಹೊಡೆಯೋನ ದಾರಿ ಗಿಡ್ಡ. ಇದರಲ್ಲಿ ಕಾಯೋನು ಎಲ್ಲೂ ಎಡವಬೇಕಾಗಿಲ್ಲ.

ಸೋಲಿನಲ್ಲೂ ಎರಡು ತರ ಇದೆ ಅಂತ ತೋರಿಸೋಕೆ ಕಾಕಾ ವಿಶ್ವನಾಥನ್ ಆನಂದ್ ಅವರ ಆಟಗಳನ್ನ ತೆಗೆದರು. 2013ರ ನವೆಂಬರಿನಲ್ಲಿ ಚೆನ್ನೈನಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕೆ ಆನಂದ್ ಮತ್ತು ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಆಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆನಂದರಿಗೆ 43 ವರ್ಷ, ಆ ಹುಡುಗನಿಗೆ 22. ಮೊದಲ ನಾಲ್ಕು ಆಟ ಡ್ರಾ. ಐದನೇ ಆಟ 58 ನಡೆ, ಆರನೇ ಆಟ 67 ನಡೆ, ಎರಡರಲ್ಲೂ ಆನಂದ್ ಸೋತರು. ಎರಡೂ ಆನೆ ಉಳಿದ ಕೊನೆಯಾಟ. ಬೇರೆಯವರಾಗಿದ್ರೆ ಕೈಕುಲುಕಿ ಡ್ರಾ ಮಾಡಿಕೊಂಡು ಊಟಕ್ಕೆ ಹೋಗೋ ಅಂಥ ಜಾಗದಲ್ಲಿ ಕಾರ್ಲ್‌ಸನ್ ಬಿಡದೆ ಕೂತು, ಗಂಟೆಗಟ್ಟಲೆ ಒಂದಾದ ಮೇಲೊಂದು ಸಣ್ಣ ಪ್ರಶ್ನೆ ಹಾಕ್ತಾನೇ ಹೋದ. ಕೊನೆಗೆ ಒಂದಕ್ಕೆ ಉತ್ತರ ತಪ್ಪಿತು. ಒಂಬತ್ತನೇ ಆಟ ಬೇರೆ ತರ. ಆನಂದ್ ಗೆಲ್ಲಲೇಬೇಕು ಅಂತ ಮೈಮೇಲೆ ಬಿದ್ದು ಆಡಿದರು, 28ನೇ ನಡೆಯಲ್ಲಿ ಕುದುರೆ ಇಡಬಾರದ ಮನೆಗೆ ಇಟ್ಟರು, ಎದುರಿನಿಂದ ಒಂದು ನಡೆ ಬಂತು, ಆಟ ಅಲ್ಲೇ ಮುಗೀತು. ಆ ಸೋಲಿಗೆ ಬೆರಳಿಟ್ಟು ತೋರಿಸೋಕೆ ಒಂದು ನಡೆ ಇದೆ. ಐದನೇ, ಆರನೇ ಆಟದಲ್ಲಿ ಬೆರಳು ಇಟ್ಟರೂ ಅದು ಪೂರ್ತಿ ಉತ್ತರ ಅಲ್ಲ. ಅಲ್ಲಿ ಕೇಳಬೇಕಾದ್ದು, ಎದುರಿನವ ಅಷ್ಟು ಹೊತ್ತು ಹೇಗೆ ಒತ್ತಿದ ಅಂತ.

ಮುಂದಿನದನ್ನೂ ಹೇಳಬೇಕು. ಪಟ್ಟ ಹೋಯ್ತು. ಆನಂದರ ಕಾಲ ಮುಗೀತು ಅಂತ ಜನ ಮಾತಾಡಿಕೊಂಡರು. ನಾಲ್ಕೇ ತಿಂಗಳಿಗೆ, 2014ರ ಮಾರ್ಚಿನಲ್ಲಿ ರಷ್ಯಾದಲ್ಲಿ ಜಗತ್ತಿನ ಎಂಟು ಜನ ಬಲಿಷ್ಠರ ನಡುವೆ ಅವರೇ ಮೊದಲು ಬಂದರು, ಮತ್ತೆ ಕಾರ್ಲ್‌ಸನ್ ಎದುರು ಆಡೋ ಹಕ್ಕು ಪಡೆದರು. ಆ ನವೆಂಬರಿನಲ್ಲಿ ಮತ್ತೆ ಸೋತರು. ಆದ್ರೆ ಚೆನ್ನೈನಲ್ಲಿ ಒಂದೂ ಆಟ ಗೆಲ್ಲದವರು ಆ ಸಲ ಒಂದು ಆಟ ಗೆದ್ದು ತೋರಿಸಿದರು.

ಈಗ ನಮ್ಮ ಹೊಲಕ್ಕೆ ಬರೋಣ.

ನಮ್ಮದು ಹಳಿಯಾಳ ತಾಲೂಕಿನ ಕಾಡಂಚಿನ ಊರು. ಮನೆ ಊರೊಳಗೆ, ನಡುವೆ ಮೇಲಿನ ಹೊಲ ಎರಡೂವರೆ ಎಕರೆ ಗೋವಿನಜೋಳ, ಅದನ್ನ ದಾಟಿ ಕೆಳಗೆ ಕಾಡಿಗೆ ಹತ್ತಿ ಮೂರು ಎಕರೆ ಭತ್ತದ ಗದ್ದೆ. ಅಣ್ಣ ಮತ್ತು ನಾನು ಕೂಡಿ ಮಾಡ್ತೀವಿ. ಭತ್ತ ತೆನೆ ಬಲಿಯೋ ಹೊತ್ತಿಗೆ ದಾಂಡೇಲಿ ಕಡೆಯ ಕಾಡಿನಿಂದ ಆನೆ ಇಳಿಯೋದು ನಿಮಗ್ಯಾರಿಗೂ ಹೊಸದಲ್ಲ. ಹಳಿಯಾಳ, ಮುಂಡಗೋಡ ಎರಡೂ ಕಡೆಯವರು ಆ ತಿಂಗಳುಗಳಲ್ಲಿ ಅಟ್ಟ ಕಟ್ಟಿ, ಬ್ಯಾಟರಿ, ಪಟಾಕಿ, ತಗಡಿನ ಡಬ್ಬಿ ಹಿಡಿದು ರಾತ್ರಿ ಕಳೀತೀವಿ. ಜೋಯಿಡಾ ಕಡೆಯವರಿಗೆ ಕಾಡುಕೋಣ, ಹಂದಿ, ಮಂಗನ ಲೆಕ್ಕ ಬೇರೆ.

ಹೋದ ಹಂಗಾಮಿನಲ್ಲಿ ಗೋವಿನಜೋಳದ ತೆನೆ ಮುರಿದು ಮನೆ ಮುಂದಿನ ಕಣದಲ್ಲಿ ಒಣಗೋಕೆ ಹಾಕಿದ್ವಿ. ಭತ್ತ ಇನ್ನೂ ಹದಿನೈದು ದಿನ ಬೇಕಿತ್ತು. ಸ್ವಾತಿ ಮಳೆ ದಿನಗಳು. ಆ ಸಂಜೆ ಪಕ್ಕದ ಗದ್ದೆಗೆ ಆನೆ ಬಂದಿದೆ ಅಂತ ಸುದ್ದಿ ಬಂತು, ಒಂದಲ್ಲ, ಮರಿ ಸಮೇತ ಗುಂಪು. ಅಣ್ಣ, ನಾನು ಇಬ್ಬರೂ ಅಟ್ಟಕ್ಕೆ ಹೋದ್ವಿ. ಒಬ್ಬನೇ ಹೋಗೋ ರಾತ್ರಿ ಅಲ್ಲ ಅದು, ಗುಂಪಿನ ಎದುರು ಒಬ್ಬನನ್ನ ಯಾರೂ ಕಳಿಸಲ್ಲ. ಮನೆಯಲ್ಲಿ ಅವ್ವ, ವೈನಿ, ನನ್ನ ಹೆಂಡತಿ, ಮಕ್ಕಳು.

ರಾತ್ರಿ ಎರಡು ಗಂಟೆಗೆ ಮಳೆ. ಸಂಜೆ ತನಕ ಚಿಕ್ಕೆ ಕಾಣ್ತಿದ್ದ ಆಕಾಶ ಅದು. ಮನೆಯಲ್ಲಿ ಹೆಂಗಸರು ಎದ್ದು, ಮಳೆಯಲ್ಲಿ ನೆನೆದು, ಇದ್ದ ಎರಡು ತಾಡಪತ್ರಿ ಎಳೆದು ಅರ್ಧ ಕಣ ಮುಚ್ಚಿದರು. ಉಳಿದರ್ಧ ನೀರಲ್ಲಿ ತೇಲಿತು. ಇತ್ತ ಮಳೆಯಲ್ಲಿ ಪಟಾಕಿ ಹತ್ತಲಿಲ್ಲ. ಗುಂಪು ನಮ್ಮ ಗದ್ದೆಯ ಮೂಲೆಗೆ ನುಗ್ಗಿ ಅರ್ಧ ಎಕರೆ ತುಳಿದು ಹೋಯ್ತು. ಬೆಳಿಗ್ಗೆ ಎರಡೂ ಕಡೆ ನೋಡಿದ್ವಿ. ಮೂರನೇ ದಿನಕ್ಕೆ ತೆನೆಗೆ ಬೂಷ್ಟು. ಗೋವಿನಜೋಳ ಕೊಳ್ಳೋರು 14ರ ತೇವಾಂಶ ಕೇಳ್ತಾರೆ, ಬೂಷ್ಟು ಹಿಡಿದದ್ದಕ್ಕೆ ಅವರು ಹೇಳಿದ ರೇಟಿಗೆ ನಾನು ಇಲ್ಲಿ ಲೆಕ್ಕ ಬರೆಯಲ್ಲ.

ಆಮೇಲೆ ಶುರುವಾಯ್ತು ನೋಡ್ರಿ. ಬಂದವರೆಲ್ಲ ಕೇಳಿದ್ದು ಅದೇ ಪ್ರಶ್ನೆ. ಕೇಳಿ ಕೇಳಿ ಅದು ಮನೆಯೊಳಗೂ ಬಂತು. ಅಣ್ಣ ಅಂದ, “ಇಬ್ಬರೊಳಗ ಒಬ್ರು ಮನ್ಯಾಗ ಇರಬೇಕಾಗಿತ್ತು.” ನಾನಂದೆ, “ಇದ್ದಿದ್ರ ಮೂರು ಎಕರೆನೂ ಹೋಗತಿತ್ತು.” ವೈನಿಗೆ ತಾಡಪತ್ರಿ ಎಳೆಯುವಾಗ ಜಾರಿ ಬಿದ್ದು ಕೈ ನೋವಾಗಿತ್ತು, ಅದರದ್ದೊಂದು ಮಾತು. ದೀಪಾವಳಿಗೆ ಅವ್ವ ಮಾಡಿದ ಹೋಳಿಗೆಯನ್ನ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಂಡ್ವಿ. ಸಂಕ್ರಾಂತಿ ಹೊತ್ತಿಗೆ ಅಣ್ಣ ಪಾಲಿನ ಮಾತು ತೆಗೆದ. ಐದೂವರೆ ಎಕರೆಯಲ್ಲಿ ಪಾಲು ಮಾಡಿದ್ರೆ ಒಬ್ಬನಿಗೆ ಗದ್ದೆ, ಒಬ್ಬನಿಗೆ ಮೇಲಿನ ಹೊಲ. ಗದ್ದೆ ತಗೊಂಡವ ಒಬ್ಬನೇ ಆನೆ ಕಾಯಬೇಕು. ಅವ್ವ ಏನೂ ಮಾತಾಡಲಿಲ್ಲ. ಒಲಿ ಮುಂದೆ ಕೂತಿದ್ಲು.

ಕಾಕಾರ ಪಡಸಾಲೆಯಿಂದ ವಾಪಸ್ ಬರ್ತಾ ಬಸ್ಸಿನಲ್ಲಿ ನನಗೆ ಬಲಗಡೆಯ ಸಿಪಾಯಿ ಕಾಣಿಸ್ತಾ ಇರಲಿಲ್ಲ, ಆ ರಾತ್ರಿಯ ಕಣ ಕಾಣಿಸ್ತಾ ಇತ್ತು. ಒಂದು ಗಾಯ ಗದ್ದೆಯಲ್ಲಿ, ಅದನ್ನ ಇಬ್ಬರೂ ಚೆನ್ನಾಗಿ ಕಾದ್ವಿ. ಎರಡನೆಯದು ಕಣದಲ್ಲಿ ತೆರೀತು. ನಾವು ಮೂಲೆಯಲ್ಲಿದ್ವಿ. ಅಣ್ಣ ಹೇಳಿದಂತೆ ಮಾಡಿದ್ರೂ ಒಂದು ಹೋಗ್ತಿತ್ತು, ನಾನು ಹೇಳಿದಂತೆ ಮಾಡಿದ್ದಕ್ಕೂ ಒಂದು ಹೋಯ್ತು. ಆರು ತಿಂಗಳು ನಾವಿಬ್ಬರೂ ಇಲ್ಲದ ತಪ್ಪನ್ನ ಒಬ್ಬರ ಜೇಬಿನಲ್ಲಿ ಒಬ್ಬರು ಹುಡುಕ್ತಾ ಇದ್ವಿ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಣ್ಣನಿಗೆ ಆಟದ ಕಥೆ ಹೇಳಿದೆ. ಹೊಲದ ಮಾತು ತೆಗೀಲಿಲ್ಲ, ಬರೀ ಆಟ. ಅಣ್ಣನಿಗೆ ಚೆಸ್ ಬರಲ್ಲ. ಸುಮ್ಮನೆ ಕೇಳಿದ. ಕೈ ತೊಳೆದು ಬಂದು ನಿಂತು ಒಂದೇ ಮಾತು ಕೇಳಿದ, “ನಿನ್ನ ಆನಿ ಮೂರ ನಡಿ ದೂರ ಇತ್ತಂದಿ. ಗದ್ದಿಯಿಂದ ನಮ್ಮ ಕಣ ಎಷ್ಟ ದೂರ ಐತಿ?”

ಬೆಳಿಗ್ಗೆ ಎದ್ದು ನೋಡಿದ್ರೆ ಅಣ್ಣ ಹೆಜ್ಜೆ ಎಣಿಸಿಕೊಂಡು ಬರ್ತಾ ಇದ್ದ. ಗದ್ದೆಯ ಅಟ್ಟದಿಂದ ಮನೆ ಕಣಕ್ಕೆ ಸಾವಿರದ ಎಂಟುನೂರು ಹೆಜ್ಜೆ. ಮೇಲಿನ ಹೊಲದ ಬದುವಿನ ಹುಣಸೆಮರಕ್ಕೆ ಏಳುನೂರು.

ಪಾಲಿನ ಮಾತು ಮುಗಿದೇ ಹೋಯ್ತು ಅಂತ ನಾನು ಹೇಳಲ್ಲ. ಆ ಮಾತು ಒಮ್ಮೆ ಹೊರಗೆ ಬಂದ್ರೆ ಪೂರ್ತಿ ಒಳಗೆ ಹೋಗಲ್ಲ. ಈ ವರ್ಷ ಕೂರಿಗೆ ಒಂದೇ, ಅಷ್ಟು ಗೊತ್ತು.

ಇನ್ನೊಂದು ವಿಷಯ ಕಾಕಾ ಹೇಳಿದ್ದು ನಿಮಗೂ ಹೇಳಬೇಕು. ಚೆಸ್ಸಿನಲ್ಲಿ ಆಟಗಾರರಿಗೆ ರೇಟಿಂಗ್ ಅಂತ ಒಂದು ಅಂಕಿ ಇರುತ್ತೆ. ಆರ್ಪಾಡ್ ಎಲೋ ಅನ್ನೋ ಭೌತಶಾಸ್ತ್ರದ ಪ್ರೊಫೆಸರ್ ಈ ಲೆಕ್ಕ ಕಟ್ಟಿದವರು, ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಅದನ್ನ ಒಪ್ಪಿಕೊಂಡಿತು. ಎದುರಿನವ ನಿಮಗಿಂತ 200 ಅಂಕಿ ಮೇಲಿದ್ರೆ 100 ಆಟದಲ್ಲಿ ಅವನಿಗೆ ಸುಮಾರು 76 ಅಂಕ, ನಿಮಗೆ 24 ಅಂಕ ಬರಬೇಕು ಅಂತ ಲೆಕ್ಕವೇ ಮೊದಲು ಹೇಳಿಬಿಡುತ್ತೆ. 400 ಮೇಲಿದ್ರೆ ನಿಮ್ಮ ಪಾಲಿಗೆ 100ಕ್ಕೆ ಹತ್ತೂ ಇಲ್ಲ. ಅದಕ್ಕೇ ಸೋತಾಗ ಕಳೆಯೋ ಅಂಕಿಯೂ ಒಂದೇ ತರ ಅಲ್ಲ. ಸಾಮಾನ್ಯ ಆಟಗಾರನಿಗೆ 20ರ ಗುಣಕ ಹಾಕಿದ್ರೆ, ಸರಿಸಮಾನನ ಎದುರು ಸೋತರೆ 10 ಅಂಕಿ ಹೋಗುತ್ತೆ. 200 ಮೇಲಿರೋನ ಎದುರು ಸೋತರೆ ಹೋಗೋದು ಸುಮಾರು 5 ಮಾತ್ರ. ಗೆದ್ರೆ 15 ಬರುತ್ತೆ.

ನನಗೆ ಇದು ಬಹಳ ನ್ಯಾಯದ ಲೆಕ್ಕ ಅನಿಸ್ತು. ಎದುರಿಗೆ ಯಾರಿದ್ರು ಅಂತ ನೋಡಿ ಸೋಲಿನ ತೂಕ ಹಾಕ್ತಾರೆ. ನಮ್ಮ ಊರಲ್ಲಿ ಹಂಗಿಲ್ಲ. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲೂಕಿನಲ್ಲಿ 223 ತಾಲೂಕು ಬರಪೀಡಿತ ಅಂತ ಸರಕಾರವೇ ಘೋಷಿಸಿತು. ಆ ವರ್ಷವೂ ಬೆಳೆ ಹೋದವರನ್ನ ಕಟ್ಟೆ ಮೇಲೆ ಕೂತವರು ಕೇಳಿದ್ದು ಇದೇ ಪ್ರಶ್ನೆ, ಏನ್ ತಪ್ಪ ಮಾಡಿದಿ. ಇಡೀ ರಾಜ್ಯ ಸೋತ ಆಟದಲ್ಲಿ ಒಬ್ಬ ರೈತನ ಹತ್ರ ತಪ್ಪು ಕೇಳೋದು ಯಾವ ಲೆಕ್ಕ? ಸೋಲು ಸೋಲೇ, ಸಾಲ ಸಾಲವೇ, ಅದನ್ನ ಯಾರೂ ಕಡಿಮೆ ಮಾಡಲ್ಲ. ಆದ್ರೆ ಮರ್ಯಾದೆಯಲ್ಲಿ 10 ಕಳೀಬೇಡ್ರಿ, 5 ಕಳೀರಿ ಸಾಕು. ನಾವು ನಮ್ಮನ್ನೂ ಹಾಗೇ ಅಳೀಬೇಕು.

ಹಾಗಂತ ಬಲಿಷ್ಠನ ಎದುರು ಕಾಯಿ ಮಡಚಿ ಏಳಬೇಕು ಅಂತ ಅಲ್ಲ. ಇದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ದೊಡ್ಡ ಪಂಡಿತರು. ಕುದುರೆಯನ್ನ 64 ಮನೆಗೂ ಒಂದೊಂದೇ ಸಲ ಮುಟ್ಟಿಸಿಕೊಂಡು ಬರೋ ಲೆಕ್ಕಗಳನ್ನ ಅವರು ಬಗೆಬಗೆಯಾಗಿ ಕಟ್ಟಿದ್ದರು. ಬಟ್ಟೆ ಮೇಲೆ ಅಚ್ಚು ಹಾಕಿಸಿದ್ದರು. ಅವರ ಆಟಗಳ ಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆ ಮೇಲೆ ಇವೆ. 1830–31ರಲ್ಲಿ ನಗರದ ಕಡೆ ರೈತರು ಕಂದಾಯದ ಕಾಟಕ್ಕೆ ದಂಗೆ ಎದ್ದರು. ಆ ದಂಗೆ ಅವರ ಆಡಳಿತದ ಮೇಲೇ ಎದ್ದದ್ದು, ರೈತರಾದ ನಾವು ಅದನ್ನ ಮರೀಬಾರದು. ಅದನ್ನೇ ಕಾರಣ ಮಾಡಿ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಎದುರಿಗಿದ್ದದ್ದು ಆ ಕಾಲದ ಜಗತ್ತಿನ ದೊಡ್ಡ ಬಲ. ಗೆಲ್ಲೋ ಮಾತೇ ಇರಲಿಲ್ಲ. ಆದ್ರೂ ಅರಸರು ಕೈ ಕೊಡಲಿಲ್ಲ. ಮೂವತ್ತು ವರ್ಷದ ಮೇಲೂ ಪತ್ರ, ಅರ್ಜಿ ಬಿಡಲಿಲ್ಲ. 1865ರಲ್ಲಿ ಒಂದು ಸಣ್ಣ ಹುಡುಗನನ್ನ ದತ್ತು ತಗೊಂಡರು. 1867ರಲ್ಲಿ ಲಂಡನ್ನಿನವರು ಆ ದತ್ತು ಒಪ್ಪಿಕೊಂಡರು. 1868ರಲ್ಲಿ ಅರಸರು ತೀರಿಕೊಂಡರು. 1881ರಲ್ಲಿ ರಾಜ್ಯ ಆ ಹುಡುಗನ ಕೈಗೆ, ಚಾಮರಾಜೇಂದ್ರ ಒಡೆಯರ ಕೈಗೆ ವಾಪಸ್ ಬಂತು. ಕೊನೆಯಲ್ಲಿ ಉಳಿದದ್ದು ಒಂದು ಸಿಪಾಯಿ, ಅದನ್ನ ಕಾದುಕೊಂಡರು.

ಹಾಗಾದ್ರೆ ನಾವು ಈ ಸಲ ಏನು ಮಾಡ್ತಾ ಇದೀವಿ ಅಂತ ಬರೀತೀನಿ. ಬೇಕಾದ್ರೆ ತಗೊಳ್ರಿ, ಬೇಡಾದ್ರೆ ಬಿಡ್ರಿ.

ಮೊದಲನೆಯದು, ಕಣ ನಡುವಿಗೆ. ಮೇಲಿನ ಹೊಲದ ಹುಣಸೆಮರದ ಹತ್ರ ನೆಲ ಎತ್ತರಿಸಿ, ಸುತ್ತ ಕಾಲುವೆ ತೆಗೆದು ಹೊಸ ಕಣ ಮಾಡಿದೀವಿ. ಮನೆಗೂ, ಗದ್ದೆಗೂ ಅದು ನಡುವೆ. ಅಟ್ಟದಿಂದ ಓಡಿ ಬಂದ್ರೂ, ಮನೆಯಿಂದ ಓಡಿ ಬಂದ್ರೂ ಕೈಗೆ ಸಿಗಬೇಕು. ಇನ್ನೆರಡು ತಾಡಪತ್ರಿ ಮರದ ಕೆಳಗಿನ ಪೆಟ್ಟಿಗೆಯಲ್ಲೇ ಇರುತ್ತೆ.

ಎರಡನೆಯದು, ಗೋವಿನಜೋಳ ಎಲ್ಲ ಒಂದೇ ದಿನ ಬಿತ್ತಲ್ಲ. ಒಂದೂವರೆ ಎಕರೆ ಮೊದಲು, ಉಳಿದ ಒಂದು ಎಕರೆ ಇಪ್ಪತ್ತು ದಿನ ಬಿಟ್ಟು. ಕಣದಲ್ಲಿ ಒಂದೇ ರಾತ್ರಿ ಎಲ್ಲ ತೆನೆ ಬಿದ್ದಿರಬಾರದು. ಎರಡನೇ ಬಿತ್ತನೆಯಲ್ಲಿ ಲದ್ದಿಹುಳದ ಕಾಟ ಹೆಚ್ಚಾಗಬಹುದು, ಗೊತ್ತಿದೆ. ಈ ಹುಳ 2018ರಲ್ಲಿ ನಮ್ಮ ಶಿವಮೊಗ್ಗದಲ್ಲೇ ದೇಶಕ್ಕೆ ಮೊದಲು ಕಂಡದ್ದು. ಮೊಳಕೆಯಾದಾಗಿನಿಂದಲೇ ಸುಳಿ ನೋಡ್ತಾ ಇರಬೇಕು. ಒಂದು ಕೊಟ್ಟು ಒಂದು ತಗೊಳ್ಳೋ ಲೆಕ್ಕ ಇದು.

ಮೂರನೆಯದು, ಕಾವಲು ಪಾಳಿ. ಗದ್ದೆ ಹೊಂದಿಕೊಂಡಿರೋ ನಾಲ್ಕು ಮನೆಯವರು ಕೂತು ಮಾತಾಡಿದೀವಿ. ಪ್ರತಿ ಮನೆಯಿಂದ ಒಬ್ಬ ಅಟ್ಟಕ್ಕೆ, ಒಬ್ಬ ಮನೆಗೆ. ಅಟ್ಟದಲ್ಲಿ ಯಾವತ್ತೂ ನಾಲ್ಕು ಜನಕ್ಕೆ ಕಡಿಮೆ ಇಲ್ಲ. ಮಾತಾಗಿದೆ, ಸ್ವಾತಿ ಮಳೆಯಲ್ಲಿ ನಡೆಯುತ್ತಾ ಅಂತ ನೋಡಬೇಕು.

ಜೊತೆಗೆ ಬೆಳೆ ವಿಮೆ ಬಗ್ಗೆ ಒಂದು ಮಾತು. ಫಸಲ್ ಬಿಮಾದಲ್ಲಿ ಕೊಯ್ದು ಹೊಲದಲ್ಲೇ ಒಣಗೋಕೆ ಬಿಟ್ಟ ಬೆಳೆ ಅಕಾಲಿಕ ಮಳೆಗೆ ಹೋದ್ರೆ, ಕೊಯ್ದ ದಿನದಿಂದ 14 ದಿನದ ತನಕ ಪರಿಹಾರ ಕೇಳೋ ಅವಕಾಶ ಇದೆ. 72 ತಾಸಿನೊಳಗೆ ತಿಳಿಸಬೇಕು. ಮುಂಗಾರು ಆಹಾರ ಬೆಳೆಗೆ ರೈತನ ವಂತಿಗೆ ವಿಮಾ ಮೊತ್ತದ 2 ಪರ್ಸೆಂಟ್. ನಿಮ್ಮ ಪಂಚಾಯ್ತಿಗೆ ಯಾವ ಬೆಳೆ ಸೇರಿದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತೋಕೆ ಮುಂಚೆ ಕೇಳಿಕೊಳ್ರಿ.

ಇವೆಲ್ಲ ಮಾಡಿದ್ರೂ ಈ ಸಲ ಗೆದ್ದೇ ಗೆಲ್ತೀವಿ ಅಂತಲ್ಲ. ಆನೆ ನಮಗಿಂತ ಬಲಿಷ್ಠ, ಮಳೆ ಅದಕ್ಕಿಂತ ಬಲಿಷ್ಠ. ನೂರಕ್ಕೆ ಇಪ್ಪತ್ತನಾಲ್ಕು ನಮ್ಮ ಪಾಲಿಗೆ ಇದೆಯಲ್ಲ, ಅದನ್ನ ಬಿಟ್ಟುಕೊಡಬಾರದು ಅಷ್ಟೇ.

ನಿಮ್ಮ ಹತ್ರ ಒಂದು ಕೇಳ್ಕೋತೀನಿ. ಬಿತ್ತೋಕೆ ಮುಂಚೆ ಮನೆಯವರೆಲ್ಲ ಕೂತು ಒಂದು ಹಾಳೆ ಮೇಲೆ ಬರೀರಿ: ಈ ವರ್ಷ ಒಂದೇ ರಾತ್ರಿ ಎರಡು ಕಡೆ ಏನೇನು ತೆರೀಬಹುದು, ಆಗ ಯಾರು ಎಲ್ಲಿರ್ತಾರೆ. ಹಂಗಾಮು ಮುಗಿದ ಮೇಲೆ ಗೆದ್ದಿರಲಿ ಸೋತಿರಲಿ, ಹಾಳೆ ತೆಗೆದು ಮತ್ತೆ ಮೊದಲಿನಿಂದ ಓದ್ರಿ. ನಿಮಗಿಂತ ಚೆನ್ನಾಗಿ ಬೆಳೆದವರು ಪಕ್ಕದಲ್ಲಿದ್ರೆ ಅವರನ್ನೂ ಕರೆದು ಕೂರಿಸ್ರಿ, “ನಿಮಗ ಎಲ್ಲೆಲ್ಲಿ ಹೆದರಿಕಿ ಆಗಿತ್ತು?” ಅಂತ ಕೇಳ್ರಿ. ನಮ್ಮ ಪಾಳಿಯ ಲೆಕ್ಕ, ಹೊಸ ಕಣದ ಲೆಕ್ಕ ದೀಪಾವಳಿ ಮುಗಿದ ಮೇಲೆ ಇಲ್ಲೇ ಬರೀತೀನಿ, ಹೇಗೇ ಆಗಿರಲಿ. ನಾಳೆ ಅಣ್ಣ ಬೀಜಕ್ಕೆ ಹಳಿಯಾಳಕ್ಕೆ ಹೊರಟಿದಾನೆ, ನಾನು ಕೂರಿಗೆ ತಾಳು ಸರಿ ಮಾಡಿಸಬೇಕು.